ಮಲಗಿದರೆ ಬೆನ್ನೆಲ್ಲ ಬೆವರು: ಶಿವಮೊಗ್ಗದ ಸೆಕೆಗೆ ಯಾವ ಹಾಸಿಗೆ?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ): ತಾರಸಿ ಮನೆ, ಮೇಲಿನ ಮಹಡಿ. ಯಜಮಾನರಿಗೆ ರಾತ್ರಿ ಬೆನ್ನು ಒದ್ದೆಯಾಗುವಷ್ಟು ಬೆವರು, ನನಗೆ ಅಷ್ಟಿಲ್ಲ. ಈಗಿರೋದು 8 ಇಂಚಿನ ಮೆಮೊರಿ ಫೋಮ್, ಬಾಕ್ಸ್ ಮಂಚ. ಅಂಗಡಿಯಲ್ಲಿ ಕೂಲ್ ಜೆಲ್ ಹಾಸಿಗೆ ತಗೊಳ್ಳಿ ಅಂತಾರೆ. ಅಳತೆ 78×60. ಗೊತ್ತಿರೋರು ಹೇಳಿ.

ಉತ್ತರ (ಹಾಸಿಗೆ ವ್ಯಾಪಾರ, ಶಿವಮೊಗ್ಗ): ಮೇಡಂ, ಜೆಲ್‌ಗೆ ಅಂತ ಹೆಚ್ಚಿಗೆ ದುಡ್ಡು ಕೊಡಬೇಡಿ. ಕೈಯಿಟ್ಟಾಗ ತಣ್ಣಗಿರುತ್ತೆ, ನಿಜ. ಸ್ವಲ್ಪ ಹೊತ್ತಿಗೆ ಮೈಶಾಖ ಕುಡಿದು ಅದೂ ಬೆಚ್ಚಗಾಯ್ತು ಅಂದ್ರೆ ಉಳಿಯೋದು ಬರೀ ಫೋಮ್. ಮೆಮೊರಿ ಫೋಮ್ ಶಾಖಕ್ಕೆ ಮೆತ್ತಗಾಗೋ ಜಾತಿ. ಬೆನ್ನು, ಸೊಂಟ ಅದರಲ್ಲಿ ಹುಗಿದಷ್ಟೂ ಗಾಳಿ ಆಡೋ ಜಾಗ ಕಡಿಮೆ. ಯಾವ ಹಾಸಿಗೆಯೂ ತಂಪು ಹುಟ್ಟಿಸಲ್ಲ; ಮೈಯ ಬಿಸಿ, ಬೆವರಿನ ಹಬೆ ಹೊರಗೆ ಹೋಗೋಕೆ ಬಿಡಬೇಕು, ಅಷ್ಟೆ. ಹಾಗಾಗಿ ಮೇಲಿನ ಎರಡು ಇಂಚಿನಲ್ಲಿ ಏನಿದೆ ಅಂತ ಕೇಳಿ.

ನಿಮಗೆ ಎರಡು ದಾರಿ. ಒಂದು, ಪಾಕೆಟ್ ಸ್ಪ್ರಿಂಗ್ (ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆ ಚೀಲದಲ್ಲಿ) ಮೇಲೆ ಒಂದೆರಡು ಇಂಚು ಲೇಟೆಕ್ಸ್, ಅಂದ್ರೆ ರಬ್ಬರ್ ಹಾಲಿನ ಫೋಮ್. ಸ್ಪ್ರಿಂಗ್ ನಡುವೆ ಗಾಳಿ ಓಡಾಡುತ್ತೆ, ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಅಷ್ಟಾಗಿ ಗೊತ್ತಾಗಲ್ಲ. ಇನ್ನೊಂದು, 6 ಇಂಚಿನ ಪೂರ್ತಿ ಲೇಟೆಕ್ಸ್. ಇದರಲ್ಲಿ ಮೋಸ ಜಾಸ್ತಿ, ಆದ್ರೆ ಹಿಡಿಯೋದು ಸುಲಭ: ತೂಕ ಹಾಕಿಸಿ. 78×60×6 ಇಂಚು ಅಂದ್ರೆ ಸುಮಾರು 0.46 ಘನ ಮೀಟರ್. 70–80 ಡೆನ್ಸಿಟಿಯ (ಘನ ಮೀಟರಿಗೆ ಅಷ್ಟು ಕೆಜಿ) ಲೇಟೆಕ್ಸ್ ಆದ್ರೆ 32ರಿಂದ 37 ಕೆಜಿ ಬರಬೇಕು. 20 ಕೆಜಿ ಆಸುಪಾಸು ಬಂದರೆ ಒಳಗಿರೋದು 40 ಡೆನ್ಸಿಟಿಯ ಸಾದಾ ಫೋಮ್, ಮೇಲೆ ತೆಳ್ಳಗೊಂದು ಲೇಟೆಕ್ಸ್ ಪದರ. ಜಿಪ್ ಇಲ್ಲದ ಕವರ್ ಆದ್ರೆ ಒಳಗೆ ತೆಗೆದು ನೋಡೋಕಾಗಲ್ಲ, ಬೇಡವೇ ಬೇಡ ಅನ್ನಿ. ಸ್ಯಾಂಪಲ್ ತುಂಡು ಬಾಯಿಗೆ ಒತ್ತಿ ಊದಿ ನೋಡಿ: ಲೇಟೆಕ್ಸ್ ಆದ್ರೆ ಉಸಿರು ಆಚೆ ಕಡೆ ಕೈಗೆ ತಾಗುತ್ತೆ, ಮೆಮೊರಿ ಫೋಮ್ ತಡೆಯುತ್ತೆ.

ಉತ್ತರ (ತೀರ್ಥಹಳ್ಳಿ ಕಡೆಯವರು): ಎಲ್ಲ ಸರಿ, ಆದರೆ ಬಾಕ್ಸ್ ಮಂಚದ ವಿಚಾರ ಬಿಟ್ಟಿರಲ್ಲ ಮಾರಾಯ್ರೆ! ಕೆಳಗೆ ಪ್ಲೈವುಡ್ ಗಟ್ಟಿಯಾಗಿ ಮುಚ್ಚಿದ್ದರೆ ಮೇಲೆ ಯಾವ ಹಾಸಿಗೆ ಹಾಕಿದರೂ ಅರ್ಧ ಪ್ರಯೋಜನ. ಆಚಾರಿ ಹತ್ತಿರ ಹಲಗೆಗೆ ಒಂದಿಂಚಿನ ತೂತುಗಳನ್ನು ಆರಾರು ಇಂಚಿಗೆ ಒಂದರಂತೆ ಕೊರೆಸಿ. ಆಗದಿದ್ದರೆ ಹಲಗೆ ತೆಗೆಸಿ ರೀಪು ಹೊಡೆಸಿ. ಲೇಟೆಕ್ಸ್‌ಗೆ ರೀಪುಗಳ ಸಂದು ಎರಡೂವರೆ ಇಂಚು ದಾಟಬಾರದು, ದಾಟಿದರೆ ಜೋತು ಬೀಳುತ್ತದೆ.

ನಮ್ಮ ಕಡೆ ಸೆಕೆಗಿಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಯೇ ಹಾಸಿಗೆ ಹಾಳು ಮಾಡುವುದು. ನೆಲಕ್ಕೆ ಹಾಕಿದ ಹಾಸಿಗೆಯ ಅಡಿ ಮೇಲಿನಿಂದ ಇಳಿದ ಬೆವರಿನ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಹತ್ತಿ ಹಾಸಿಗೆ ಬೇಸಿಗೆಗೆ ಸುಖ, ಮಳೆಗಾಲಕ್ಕೆ ತೇವ ಹೀರಿ ಗಂಟು ಕಟ್ಟುತ್ತದೆ. ಬೂರುಗದ ಅರಳೆ ನೀರು ಅಷ್ಟು ಹೀರುವುದಿಲ್ಲ, ಹಗುರ ಕೂಡ, ಆದರೆ ಬೇಗ ಚಪ್ಪಟೆಯಾಗುತ್ತದೆ. ಮಳೆ ಬಿಟ್ಟ ಮೇಲೆ ಎಲ್ಲರೂ ಅಂಗಳಕ್ಕೆ ಹಾಸಿಗೆ ಹಾಕುತ್ತಾರಲ್ಲ, ಹತ್ತಿಗೆ ಅದು ಸರಿ. ಲೇಟೆಕ್ಸ್‌ಗೆ ಮಾತ್ರ ಎಳೆ ಬಿಸಿಲೂ ಬೇಡ, ಹಳದಿಯಾಗಿ ಪುಡಿ ಉದುರುತ್ತದೆ. ಗೋಡೆಗೆ ಒರಗಿಸಿ ಫ್ಯಾನ್ ಹಾಕಿ.

ಉತ್ತರ (ಸಾಗರ): ಬಜೆಟ್ ಕಮ್ಮಿ ಇದ್ದರೆ ರಬ್ಬರೈಸ್ಡ್ ಕಾಯರ್ (ರಬ್ಬರ್ ಹಾಕಿ ಒತ್ತಿದ ತೆಂಗಿನ ನಾರು) 4 ಇಂಚು, ಮೇಲೆ 1 ಇಂಚು ಲೇಟೆಕ್ಸ್. ನಾರಿನ ನಡುವೆ ಗಾಳಿ ಚೆನ್ನಾಗಿ ಹೋಗುತ್ತೆ. ಸೊಂಟದ ಹತ್ತಿರ ಹೊಂಡ ಬೀಳೋದೇ ಇದರ ರೋಗ. ಮೂರು ತಿಂಗಳಿಗೊಮ್ಮೆ ತಲೆಕಡೆ ಕಾಲುಕಡೆ ಬದಲಿಸಿ. ಲೇಟೆಕ್ಸ್ ಮೇಲಿರಬೇಕಾದ್ದರಿಂದ ಮಗುಚಿ ಹಾಕೋ ಹಾಗಿಲ್ಲ. ಆಗುಂಬೆ, ಹುಲಿಕಲ್ ಕಡೆಯ ಮಳೆಗೆ ಕಾಯರ್ ವಾಸನೆ ಬರುತ್ತೆ, ಅಲ್ಲಿಗೆ ನಾನು ಹೇಳಲ್ಲ.

ಉತ್ತರ (ಶಿವಮೊಗ್ಗ): ಒಂದು ಸಣ್ಣ ವಿಷಯ. ವಾಟರ್‌ಪ್ರೂಫ್ ಪ್ರೊಟೆಕ್ಟರ್ ಹಾಕಿದ್ದೀರಾ ನೋಡಿ. ಕೆಳಗೆ ಪ್ಲಾಸ್ಟಿಕ್ ಪದರ ಇದ್ದರೆ ಮೂವತ್ತು ಸಾವಿರದ ಲೇಟೆಕ್ಸೂ ರೆಕ್ಸಿನ್ ಸೀಟೇ. ಬೆಡ್‌ಶೀಟ್ ಸಾದಾ ನೇಯ್ಗೆಯ ಹತ್ತಿಯದು, 200–300 ಥ್ರೆಡ್ ಕೌಂಟ್ (ಚದರ ಇಂಚಿಗೆ ಎಷ್ಟು ಎಳೆ ಅನ್ನೋ ಲೆಕ್ಕ) ಸಾಕು. ಹೊಳೆಯೋ ಪಾಲಿಯೆಸ್ಟರ್ ಸ್ಯಾಟಿನ್ ಬೇಡ.

ಉತ್ತರ (ಭದ್ರಾವತಿ): ದುಡ್ಡು ಹಾಕೋ ಮುಂಚೆ ಒಂದು ಪರೀಕ್ಷೆ ಮಾಡಿ ಅಕ್ಕ. ಅದೇ ರೂಮಲ್ಲಿ, ಅದೇ ಫ್ಯಾನ್ ಕೆಳಗೆ ಭಾವನವರು ಒಂದೆರಡು ರಾತ್ರಿ ಚಾಪೆ ಮೇಲೆ ಮಲಗಲಿ. ಬೆವರು ನಿಂತರೆ ತಪ್ಪು ಹಾಸಿಗೆಯದು. ನಿಲ್ಲದಿದ್ದರೆ ತಾರಸಿಯದು: ಹಗಲೆಲ್ಲ ಕಾದ ಸ್ಲ್ಯಾಬ್ ಮಧ್ಯರಾತ್ರಿವರೆಗೂ ಬಿಸಿ ಇಳಿಸುತ್ತೆ, ಮೊದಲು ಮೇಲೆ ಬಿಳಿ ಸುಣ್ಣನೋ ಕೂಲ್ ಪೇಂಟೋ ಬಳಿಸಿ. ಚಳಿಗಾಲದಲ್ಲೂ ಬೆವರ್ತಾರೆ ಅಂದ್ರೆ ಡಾಕ್ಟರಿಗೆ ತೋರಿಸಿ ಥೈರಾಯ್ಡ್, ಶುಗರ್ ನೋಡಿಸಿ.

ಮತ್ತೆ, ಆರ್ಡರ್ ಕೊಡುವಾಗ ಮಂಚದ ಒಳ ಅಳತೆ ಟೇಪ್ ಹಿಡಿದೇ ತಗೊಳ್ಳಿ. ಆಚಾರಿ ಮಾಡಿದ ಮಂಚ 78 ಅಂತಿದ್ದರೂ ಒಳಗೆ 77 ಇರೋದು ಉಂಟು. ಅರ್ಧ ಇಂಚು ಕಮ್ಮಿ ಮಾಡಿಸಿದರೆ ಬೆಡ್‌ಶೀಟ್ ಸಿಕ್ಕಿಸೋಕೂ ಕೈ ಹೋಗುತ್ತೆ.