ಡೋಪೋ ಹಾಕಿದರೂ ವಿ-0 ಬರುತ್ತಿಲ್ಲ, ಟಿಜಿ ಬೇರೆ ಇಳಿದಿದೆ

ಪೀಣ್ಯ_ಲ್ಯಾಬ್:
ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಲ್ಯಾಮಿನೇಟ್‌ಗೆ ಬ್ರೋಮಿನ್ ಇಲ್ಲದ ಎಪಾಕ್ಸಿ ಬೇಕಾಗಿದೆ. 100 ಗ್ರಾಂ ಬಿಸ್ಫೆನಾಲ್-ಎ ರೆಸಿನ್, ಇಇಡಬ್ಲ್ಯೂ (ಒಂದು ಮೋಲ್ ಎಪಾಕ್ಸಿ ಉಂಗುರ ಇರುವ ರೆಸಿನ್ ತೂಕ, ಗ್ರಾಂನಲ್ಲಿ) 187. ಅದಕ್ಕೆ 21 ಗ್ರಾಂ ಡೋಪೋ (ಬೆಂಕಿ ತಡೆಯುವ ರಂಜಕದ ಸಂಯುಕ್ತ) 80 ಡಿಗ್ರಿಯಲ್ಲಿ ಕಲಸಿ, 33 ಗ್ರಾಂ ಡಿಡಿಎಸ್ (ರೆಸಿನ್ ಗಟ್ಟಿಯಾಗಿಸುವ ಅಮೀನ್) ಕರಗಿಸಿ, 180ರಲ್ಲಿ ಕ್ಯೂರ್ ಮಾಡಿದ್ದು. 1.6 ಮಿ.ಮೀ. ಪಟ್ಟಿ ಯುಎಲ್-94 ಸುಡುವ ಪರೀಕ್ಷೆಯಲ್ಲಿ ವಿ-1ಕ್ಕೇ ನಿಲ್ಲುತ್ತಿದೆ (ವಿ-0 ಅದಕ್ಕಿಂತ ಮೇಲಿನ ದರ್ಜೆ), ಟಿಜಿ (ಗಟ್ಟಿ ರೆಸಿನ್ ಮೆದುವಾಗತೊಡಗುವ ಉಷ್ಣಾಂಶ) ತುಂಬಾ ಕೆಳಗಿದೆ. ಮುರಿದ ಜಾಗದಲ್ಲಿ ಬಿಳಿ ಚುಕ್ಕೆಗಳೂ ಕಾಣುತ್ತವೆ. ರಂಜಕ ಇನ್ನೂ ಏರಿಸಬೇಕಾ?

ರಾಳ_ರಸಾಯನ:
ಏರಿಸಬೇಡಿ. ಡೋಪೋದಲ್ಲಿ ರಂಜಕ 14.3%, ನಿಮ್ಮ ಮಿಶ್ರಣದಲ್ಲಿ ಈಗಲೇ ಸುಮಾರು 1.95% ಇದೆ. ತೊಂದರೆ ಅದು ರೆಸಿನ್‌ಗೆ ಬೆಸೆದುಕೊಳ್ಳದೇ ಇರುವುದರಲ್ಲಿ. ಡೋಪೋ ಕರಗುವುದೇ 118 ಡಿಗ್ರಿಯ ಆಸುಪಾಸಿನಲ್ಲಿ, 80ರಲ್ಲಿ ಕಲಸಿದರೆ ಪುಡಿ ಪುಡಿಯಾಗಿಯೇ ಉಳಿಯುತ್ತದೆ. ಆ ಬಿಳಿ ಚುಕ್ಕೆಗಳು ಬಹುಶಃ ಅದೇ. ಬೆಸೆಯದೆ ಉಳಿದದ್ದು ಪ್ಲಾಸ್ಟಿಸೈಸರ್ (ಮೆದು ಮಾಡುವ ವಸ್ತು) ಥರ ಕೆಲಸ ಮಾಡಿ ಟಿಜಿ ಇಳಿಸುತ್ತದೆ.

ಮೊದಲು ರೆಸಿನ್ ಅನ್ನು 120ಕ್ಕೆ ಕಾಯಿಸಿ, ನೈಟ್ರೋಜನ್ ಹರಿಸುತ್ತಾ ಡೋಪೋವನ್ನು ನಾಲ್ಕೈದು ಕಂತಿನಲ್ಲಿ ಹಾಕಿ. ಪೂರ್ತಿ ತಿಳಿಯಾದ ಮೇಲೆ ವೇಗವರ್ಧಕವಾಗಿ ಟ್ರೈಫಿನೈಲ್‌ಫಾಸ್ಫೀನ್ 0.2% ಸೇರಿಸಿ, 160ರಲ್ಲಿ 3–4 ಗಂಟೆ ಇಡಿ. ಒಂದೇ ಸಲ ಸುರಿದರೆ ಶಾಖ ಕೈಮೀರುತ್ತದೆ. ಐಆರ್‌ನಲ್ಲಿ (ಅವಗೆಂಪು ರೋಹಿತ) 2400 ಸೆಂ.ಮೀ.⁻¹ ಸುತ್ತಲಿನ ಪಿ–ಎಚ್ (ರಂಜಕ–ಜಲಜನಕ) ಬಂಧದ ಗುರುತು ಮಾಯವಾದರೆ ಬೆಸುಗೆ ಮುಗಿದಂತೆ.

ಡಿಡಿಎಸ್ ಲೆಕ್ಕವೂ ತಪ್ಪಿದೆ. ಪ್ರತಿ ಡೋಪೋ ಅಣು ಒಂದು ಎಪಾಕ್ಸಿ ಉಂಗುರವನ್ನು ತಿನ್ನುತ್ತದೆ: 0.535 ಮೋಲ್ ಉಂಗುರದಲ್ಲಿ (100 ÷ 187) 0.097 ಹೋಗಿ 0.438 ಉಳಿಯಿತು. ಒಂದು ಮೋಲ್ ಉಂಗುರಕ್ಕೆ ಬೇಕಾದ ಡಿಡಿಎಸ್ 62 ಗ್ರಾಂ, ಅದರಿಂದ ಗುಣಿಸಿದರೆ 27 ಗ್ರಾಂ ಸಾಕು.

ನೊವೊಲಾಕ್_01:
ಮೇಲಿನದೆಲ್ಲ ಸರಿ, ಆದರೆ ನನ್ನ ಪ್ರಕಾರ ರೆಸಿನ್ನೇ ಬದಲಿಸಬೇಕು. ಅಣುವಿಗೆ ಎರಡೇ ಉಂಗುರ ಇರುವ ರೆಸಿನ್‌ಗೆ ಇಷ್ಟು ಡೋಪೋ ಕಟ್ಟಿದರೆ ಸರಾಸರಿ 1.64ಕ್ಕೆ ಇಳಿಯುತ್ತದೆ. ಎಷ್ಟೋ ಅಣುಗಳ ಒಂದು ತುದಿ ಮುಚ್ಚಿಹೋಗುತ್ತದೆ, ಬಲೆ ಹೆಣೆಯುವುದು ಹೇಗೆ? ಅಣುವಿಗೆ ಸರಾಸರಿ 3.6 ಉಂಗುರದ ಫೀನಾಲ್ ನೊವೊಲಾಕ್ ಎಪಾಕ್ಸಿ, ಇಇಡಬ್ಲ್ಯೂ 180 ಇರುವುದನ್ನು ತೆಗೆದುಕೊಂಡರೆ ಸುಮಾರು ಮೂರು ಉಳಿಯುತ್ತವೆ. 100 ಗ್ರಾಂಗೆ ಡೋಪೋ 20.8, ಡಿಡಿಎಸ್ 28.5 ಗ್ರಾಂ, ರಂಜಕ ಸರಿಯಾಗಿ 2%. ಗಟ್ಟಿ ರೆಸಿನ್ ಆದ್ದರಿಂದ ಡಿಡಿಎಸ್ ಅನ್ನು 130ರಲ್ಲಿ ಬೇಗ ಕರಗಿಸಿ, ನಿರ್ವಾತದಲ್ಲಿ ಗುಳ್ಳೆ ತೆಗೆದು, ಬಿಸಿ ಅಚ್ಚಿಗೇ ಸುರಿಯಿರಿ. 180ರಲ್ಲಿ 2 ಗಂಟೆ, 200ರಲ್ಲಿ 2 ಗಂಟೆ.

ಪೀಣ್ಯ_ಲ್ಯಾಬ್:
ಡೋಪೋ ಡಬ್ಬಿ ತೆರೆದು ಮಳೆಗಾಲವೆಲ್ಲ ಶೆಲ್ಫಿನಲ್ಲಿತ್ತು. ಅದೂ ಕಾರಣವಾ?

ರಾಳ_ರಸಾಯನ:
ಆಗಿರಬಹುದು. ತೇವ ತಗುಲಿದರೆ ಡೋಪೋದ ಉಂಗುರ ಬಿಚ್ಚಿಕೊಂಡು ಆಮ್ಲವಾಗುತ್ತದೆ. ಆ ಆಮ್ಲ ಅಮೀನನ್ನೂ ಎಪಾಕ್ಸಿಯನ್ನೂ ಕೆಣಕಿ ಲೆಕ್ಕ ಕೆಡಿಸುತ್ತದೆ. ನಿರ್ವಾತದಲ್ಲಿ ಕಾಯಿಸಿ ನೀರು ಹೊರಹಾಕಿದರೆ ಉಂಗುರ ಮತ್ತೆ ಮುಚ್ಚಿಕೊಳ್ಳುತ್ತದೆ. ಆದರೂ ಪ್ರಯೋಗಕ್ಕೆ ಹೊಸ ಡಬ್ಬಿಯೇ ವಾಸಿ.

ಮತ್ತೆ ಸುಡುವಾಗ ಐದು ಪಟ್ಟಿಗಳ ಹತ್ತು ಉರಿ ಸಮಯವನ್ನೂ ಬೇರೆ ಬೇರೆ ಬರೆದಿಡಿ. ವಿ-0ಗೆ ಒಂದೊಂದೂ 10 ಸೆಕೆಂಡ್ ಮೀರಬಾರದು, ಒಟ್ಟು 50 ದಾಟಬಾರದು. ಒಂದೇ ಪಟ್ಟಿ ಕೆಟ್ಟಿದ್ದರೆ ಕಲಸುವಿಕೆ ಸರಿ ಇಲ್ಲ. ಐದೂ 12–15 ತೋರಿಸಿದರೆ ಮಾತ್ರ ರಂಜಕದ ಪ್ರಮಾಣ ಮುಟ್ಟಿ.