ಹಳೆಯ ನಕ್ಷೆಗಳು ಗ್ರಂಥಾಲಯಕ್ಕೆ ಬಂದಾಗ: ಸಹೋದ್ಯೋಗಿಯೊಬ್ಬರ ಪ್ರಶ್ನೆಗೆ ಉತ್ತರ

ನಿವೃತ್ತ ಎಂಜಿನಿಯರೊಬ್ಬರ ಮನೆಯವರು ಕಾಲೇಜು ಗ್ರಂಥಾಲಯಕ್ಕೆ ಕೊಟ್ಟಿರುವ ಹಳೆಯ ಟೋಪೋಶೀಟುಗಳನ್ನೂ (ನೆಲದ ಏರಿಳಿತ, ಊರು, ದಾರಿಗಳನ್ನು ತೋರಿಸುವ ನಕ್ಷೆಯ ಹಾಳೆಗಳು) ಗ್ರಾಮ ನಕ್ಷೆಗಳನ್ನೂ ಹೇಗೆ ಜೋಡಿಸಬೇಕು, ಹೊಸ ಆವೃತ್ತಿ ಸಿಗುವಾಗ ಹಳೆಯವನ್ನು ಇಟ್ಟುಕೊಳ್ಳಬೇಕೇ, ಲ್ಯಾಮಿನೇಷನ್ ಮಾಡಿಸಬಹುದೇ ಎಂದು ತಾವು ಕೇಳಿದ್ದೀರಿ. ಇಂಥದ್ದೇ ಸಂಗ್ರಹವನ್ನು ನೋಡಿಕೊಂಡ ಅನುಭವದಿಂದ ಬರೆಯುತ್ತಿದ್ದೇನೆ.

ಲ್ಯಾಮಿನೇಷನ್ ಖಂಡಿತ ಬೇಡ. ಬಿಸಿಗೆ ಕಾಗದಕ್ಕಂಟಿದ ಪ್ಲಾಸ್ಟಿಕ್ಕನ್ನು ಮುಂದೆ ಬಿಡಿಸಲು ಬರುವುದಿಲ್ಲ. ಹರಿಯುವಂತಿರುವ ಹಾಳೆಯನ್ನು ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಇರಿಸಿ ಅಂಚುಗಳನ್ನಷ್ಟೇ ಮುಚ್ಚಿದರೆ, ಬೇಕಾದಾಗ ಅಂಚು ಕತ್ತರಿಸಿ ಹೊರತೆಗೆಯಬಹುದು. ಸೆಲೋಟೇಪೂ ಬೇಡ, ಅದರ ಅಂಟು ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ನೀಲಿ ನೆಲದ ಮೇಲೆ ಬಿಳಿ ಗೆರೆಯಿರುವ ಬ್ಲೂಪ್ರಿಂಟುಗಳಿದ್ದರೆ ಬೇರೆಯಾಗಿಡಿ. ಉಳಿದ ನಕ್ಷೆಗಳಿಗೆ ಹಿತವಾದ ಕ್ಷಾರಯುಕ್ತ ಫೋಲ್ಡರುಗಳೇ ಈ ನೀಲಿಯನ್ನು ಮಾಸಿಸುತ್ತವೆ. ಎಲ್ಲವನ್ನೂ ಸುರುಳಿ ಬಿಡಿಸಿ, ಆಳವಿಲ್ಲದ ಅಗಲ ಡ್ರಾಯರುಗಳಲ್ಲಿ ಚಪ್ಪಟೆಯಾಗಿ ಇಡುವುದು ಉತ್ತಮ.

ದೇಶದ ಅಧಿಕೃತ ನಕ್ಷಾ ಸಂಸ್ಥೆಯಾದ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳಿಗೆ ಅವುಗಳದ್ದೇ ಕ್ರಮವಿದೆ: ನಾಲ್ಕು ಡಿಗ್ರಿಯ ಚೌಕಕ್ಕೊಂದು ಸಂಖ್ಯೆ, ಅದರೊಳಗಿನ ಒಂದೊಂದು ಡಿಗ್ರಿಗೆ ಎಯಿಂದ ಪಿವರೆಗಿನ ಅಕ್ಷರ, ಅದನ್ನೂ ಹದಿನಾರಾಗಿ ಒಡೆದ 15 ನಿಮಿಷದ ಹಾಳೆಗೆ ಮತ್ತೊಂದು ಸಂಖ್ಯೆ. ಡ್ರಾಯರಿನಲ್ಲಿ ಈ ಕ್ರಮವನ್ನೇ ಅನುಸರಿಸಿ. ಆದರೆ ಓದುಗರು 57 ಎಚ್/9 ಎಂದು ಕೇಳುವುದಿಲ್ಲ, ಬೆಂಗಳೂರು ಎಂದು ಕೇಳುತ್ತಾರೆ. 13 ಡಿಗ್ರಿ ಅಕ್ಷಾಂಶ ನಗರದ ಮೇಲೆಯೇ ಹಾದುಹೋಗುವುದರಿಂದ ಲಾಲ್‌ಬಾಗ್ ಆ ಹಾಳೆಯಲ್ಲಿಯೂ ಯಲಹಂಕ 57 ಜಿ/12ರಲ್ಲಿಯೂ ಸಿಗುತ್ತವೆ. ಆದ್ದರಿಂದ ಕ್ಯಾಟಲಾಗಿಗೂ ಮುಂಚೆ ಎಲ್ಲ ಹಾಳೆಗಳ ಚೌಕಗಳನ್ನೂ ಸಂಖ್ಯೆಗಳನ್ನೂ ತೋರಿಸುವ ಸೂಚಿ ನಕ್ಷೆಯೊಂದನ್ನು ಗೋಡೆಗೆ ಹಾಕಿ, ತಮ್ಮಲ್ಲಿರುವ ಹಾಳೆಗಳ ಚೌಕಗಳಿಗೆ ಬಣ್ಣ ತುಂಬಿ. ಮುಂದೆ ಯಾವುದನ್ನು ತರಿಸಬೇಕೆಂಬುದನ್ನೂ ಅದೇ ತೋರಿಸುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ ಓಪನ್ ಸೀರೀಸ್ (ಸಾರ್ವಜನಿಕ ಬಳಕೆಯ) ಹಾಳೆಗಳ ಸಂಖ್ಯಾಕ್ರಮ ಬೇರೆಯಾದ್ದರಿಂದ ಅವಕ್ಕೆ ಪ್ರತ್ಯೇಕ ಡ್ರಾಯರು ಬೇಕು.

ಹಳೆಯ ಆವೃತ್ತಿಗಳನ್ನು ದಯವಿಟ್ಟು ವಿಲೇವಾರಿ ಮಾಡಬೇಡಿ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅದಕ್ಕೂ ಮುಂಚಿನ ಸರ್ವೆಯ ಹಾಳೆ ಸಿಕ್ಕರೆ, ಮುಳುಗಡೆಯಾದ ಶರಾವತಿ ಕಣಿವೆಯ ಊರು, ದಾರಿಗಳನ್ನು ಹುಡುಕುವವರಿಗೆ ಹೊಸ ಹಾಳೆ ಎಷ್ಟು ನಿಖರವಾಗಿದ್ದರೂ ಅದರ ಬದಲಿಯಾಗುವುದಿಲ್ಲ. ಈ ಕಾರಣಕ್ಕೇ ಕ್ಯಾಟಲಾಗಿನಲ್ಲಿ ಮುದ್ರಣದ ವರ್ಷದ ಜೊತೆಗೆ ಅಂಚಿನಲ್ಲಿ ನಮೂದಾಗಿರುವ ಸರ್ವೆಯ ವರ್ಷವನ್ನೂ ಬರೆಯಬೇಕು. ಗ್ರಂಥಾಲಯಗಳ ಕಂಪ್ಯೂಟರ್ ಕ್ಯಾಟಲಾಗಿನ ಮಾದರಿಯಾದ ಮಾರ್ಕ್ 21 ಬಳಸುವುದಾದರೆ ಸ್ಕೇಲು, ಪ್ರೊಜೆಕ್ಷನ್, ಅಕ್ಷಾಂಶ-ರೇಖಾಂಶಗಳಿಗೆ 255ನೇ ಫೀಲ್ಡ್ ಇದೆ. ಜಿಲ್ಲೆಯ ಹೆಸರನ್ನು ಹಾಳೆಯಲ್ಲಿರುವಂತೆಯೂ ಇಂದಿನಂತೆಯೂ ಕೊಡಿ. 1997ಕ್ಕೆ ಮುಂಚಿನ ಹಾಳೆಗಳಲ್ಲಿ ಗದಗ ಧಾರವಾಡ ಜಿಲ್ಲೆಯೊಳಗೇ ಇರುತ್ತದೆ.

ಅಂಚಿನಲ್ಲಿ ‘ರಿಸ್ಟ್ರಿಕ್ಟೆಡ್’ ಎಂಬ ಮುದ್ರೆಯಿರುವ ಹಾಳೆಗಳನ್ನು ಸ್ಕ್ಯಾನ್ ಮಾಡಿಸುವ ಮೊದಲು ಸರ್ವೆ ಆಫ್ ಇಂಡಿಯಾದ ಬೆಂಗಳೂರು ಕಚೇರಿಗೆ ಬರೆದು ಕೇಳಿ. 2021ರಲ್ಲಿ ನಕ್ಷೆಗಳ ಬಳಕೆಯ ನಿಯಮಗಳು ಸಡಿಲಗೊಂಡಿದ್ದರೂ ಲಿಖಿತ ಉತ್ತರ ಕಡತದಲ್ಲಿರಲಿ.

ಗ್ರಾಮ ನಕ್ಷೆಗಳನ್ನು ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಕ್ರಮದಲ್ಲಿಡಿ. ಇವುಗಳನ್ನು ಕೇಳಿ ಬರುವವರಲ್ಲಿ ಕೆರೆ, ರಾಜಕಾಲುವೆಗಳ ಒತ್ತುವರಿಯ ವಿಷಯದಲ್ಲಿ ಓಡಾಡುತ್ತಿರುವವರೂ ಇರುತ್ತಾರೆ. ಗ್ರಂಥಾಲಯದ ಪ್ರತಿ ಅಧಿಕೃತ ದಾಖಲೆಯಲ್ಲ, ದೃಢೀಕೃತ ನಕಲನ್ನು ಭೂಮಾಪನ ಇಲಾಖೆಯಿಂದಲೇ ಪಡೆಯಬೇಕು ಎಂದು ತಿಳಿಸಿ, ಸರ್ವೆ ನಂಬರನ್ನು ಹುಡುಕಿ ಬರೆದುಕೊಡಿ; ಅರ್ಜಿ ಹಾಕಲು ಅವರಿಗೆ ಬೇಕಾಗುವುದು ಅದೇ.