ರಿಸೆಪ್ಟರ್‌ಗೆ ‘ಗ್ರಾಹಕ’ ಅಂದರೆ ಗಿರಾಕಿ ಆಗುವುದಿಲ್ವಾ?

ನಮಸ್ಕಾರ. ಉಡುಪಿಯ ಒಬ್ಬ ಚರ್ಮದ ಡಾಕ್ಟರಿಗಾಗಿ ಅಟೊಪಿಕ್ ಡರ್ಮಟೈಟಿಸ್ ಬಗ್ಗೆ ಎರಡು ಪುಟದ ಕರಪತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಮೊಣಕೈ ಮಡಚುವಲ್ಲಿ, ಮೊಣಕಾಲಿನ ಹಿಂದೆ ಚರ್ಮ ಒಣಗಿ ಕೆಂಪಾಗಿ ರಾತ್ರಿಯೆಲ್ಲ ತುರಿಸುತ್ತದಲ್ಲ, ಅದೇ. ರೋಗಕ್ಕೆ ‘ಇಸುಬು’ ಸಾಕು. ‘ಕಜ್ಜಿ’ ಬೇಡ, ಅದು ನುಸಿಯಿಂದ ಬಂದು ಒಬ್ಬರಿಂದೊಬ್ಬರಿಗೆ ಹರಡುವಂಥದ್ದು, ಇದು ಹರಡುವುದಿಲ್ಲ. ನಾನು ಸಿಕ್ಕಿಹಾಕಿಕೊಂಡದ್ದು ‘ರಿಸೆಪ್ಟರ್’ಗೆ ಕನ್ನಡ ಪದ ಹುಡುಕುವಲ್ಲಿ. ಹೊರಗಿನಿಂದ ಬರುವ ಸುದ್ದಿಯನ್ನು ಹಿಡಿಯಲು ಜೀವಕೋಶದ ಮೇಲಿರುವ ಪ್ರೋಟೀನ್ ಅದು.

‘ಗ್ರಾಹಕ’ ಅಂತ ಎಲ್ಲೋ ಓದಿದ ನೆನಪು, ಅದನ್ನೇ ಬರೆದೆ. ಮೊನ್ನೆ ಕಾಪುವಿನಲ್ಲಿ ಅಂಗಡಿ ಇಟ್ಟಿರುವ ಚಿಕ್ಕಮ್ಮನಿಗೆ ಓದಿ ಹೇಳಿದೆ: ‘ಜೀವಕೋಶದ ಮೇಲ್ಮೈ ಗ್ರಾಹಕಗಳಿಗೆ ಇಂಟರ್‌ಲ್ಯೂಕಿನ್ ಅಂಟಿಕೊಂಡಾಗ...’ (ಇಂಟರ್‌ಲ್ಯೂಕಿನ್ ಅಂದರೆ ರೋಗನಿರೋಧಕ ಕೋಶಗಳು ಸುದ್ದಿ ಕಳಿಸಲು ಬಿಡುವ ಪ್ರೋಟೀನ್.) ಅವರು ಅರ್ಧದಲ್ಲೇ ನಿಲ್ಲಿಸಿ, ‘ಅಲ್ಲ ಮಾರಾಯ, ಚರ್ಮದ ಮೇಲೆ ಗಿರಾಕಿ ಎಂತಕ್ಕೆ ಬಂದದ್ದು?’ ಅಂದರು. ತಪ್ಪು ಅವರದ್ದಲ್ಲ. ಬ್ಯಾಂಕಿನ ಬೋರ್ಡಿನಿಂದ ಕೋರ್ಟಿನವರೆಗೆ ಗ್ರಾಹಕ ಅಂದರೆ ಗಿರಾಕಿಯೇ.

‘ಮೇಲ್ಮೈ’ಯದ್ದೂ ಅದೇ ಕಥೆ. ಓದುವವರು ಚರ್ಮದ ಮೇಲ್ಭಾಗ ಅಂದುಕೊಳ್ಳುತ್ತಾರೆ, ಇಲ್ಲಿ ಹೇಳುವುದು ಒಂದೊಂದು ಕೋಶದ ಹೊರಮೈಯನ್ನು. ನಾನೇ ಮೊದಲು, ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಅನ್ನುವ ಪ್ರೋಟೀನನ್ನೂ ಕೋಶದ ಹೊರಮೈಯಲ್ಲಿ ಇರುವವುಗಳ ಸಾಲಿಗೆ ಸೇರಿಸಿಬಿಟ್ಟಿದ್ದೆ. ಈ ರೋಗ ಇರುವ ಕೆಲವರಲ್ಲಿ ಅದರ ಜೀನ್ ಕೆಟ್ಟಿರುತ್ತದೆ ಅನ್ನುವುದು 2006ರಲ್ಲಿ ಗೊತ್ತಾಯಿತು, ಆದರೆ ಆ ಪ್ರೋಟೀನ್ ಇರುವುದು ಕೋಶದ ಒಳಗೆ. ರಿಸೆಪ್ಟರ್ ಹಾಗಲ್ಲ, ಗೋಡೆಯ ಆಚೆಗೂ ತೂರಿದ ಗೂಟದ ಹಾಗೆ ಕೋಶದ ಪೊರೆಯಲ್ಲಿ ನಿಂತಿರುತ್ತದೆ: ಹೊರಗಿನ ತುದಿ ಹಿಡಿಯುತ್ತದೆ, ಒಳಗಿನ ತುದಿ ಸುದ್ದಿ ಮುಟ್ಟಿಸುತ್ತದೆ. ಇಂಟರ್‌ಲ್ಯೂಕಿನ್ 4 ಮತ್ತು 13, ಎರಡರ ಸುದ್ದಿಯೂ ಒಳಗೆ ಹೋಗಲು ಬೇಕಾದ ರಿಸೆಪ್ಟರಿನ ತುಂಡು ಒಂದೇ, ಅದರ ಹೆಸರು ಐಎಲ್-4 ಆರ್ ಆಲ್ಫಾ. 2017ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಒಪ್ಪಿಗೆ ಸಿಕ್ಕ ಡುಪಿಲುಮ್ಯಾಬ್ ಇಂಜೆಕ್ಷನ್ ಆ ತುಂಡಿನ ಮೇಲೇ ಹೋಗಿ ಕೂರುತ್ತದೆ. ಬೀಗದ ತೂತಿಗೆ ಮೇಣ ತುಂಬಿದ ಹಾಗೆ, ಎರಡು ಕೀಲಿಕೈಯೂ ದಂಡ. ತುರಿಕೆ ಎಬ್ಬಿಸುವ ಇಂಟರ್‌ಲ್ಯೂಕಿನ್ 31ಕ್ಕೆ ನರಗಳ ಮೇಲೆ ಬೇರೆಯೇ ರಿಸೆಪ್ಟರ್ ಇದೆ, ಅದನ್ನು ಕರಪತ್ರದಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದೇನೆ.

‘ಗ್ರಾಹಿ’ ಅಂದರೆ ಗಿರಾಕಿ ಕಾಟ ತಪ್ಪುತ್ತದೆ ನಿಜ, ಆದರೆ ಚಿಕ್ಕಮ್ಮನಿಗೆ ಅದರಿಂದ ಏನೂ ಹೊಳೆಯಲಿಲ್ಲ. ‘ಹಿಡಿಕೆ’ ಅಂದರೆ ಬಾಣಲೆಯದ್ದು. ‘ಹಿಡಿಗೂಟ’ ಅಂತ ನಾನೇ ಒಂದು ಹೊಸೆದಿದ್ದೇನೆ, ಓದುವಾಗ ನನಗೇ ನಗು ಬರುತ್ತದೆ. ಸುಮ್ನೆ ‘ರಿಸೆಪ್ಟರ್’ ಅಂತಲೇ ಇಟ್ಟು, ಮೊದಲ ಸಲ ಬಂದಲ್ಲಿ ಬೀಗ-ಕೀಲಿ ಕಥೆ ಹೇಳಿದರೆ ಸಾಕಲ್ವಾ? ನಿಮ್ಮ ಕಡೆ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಬೇರೆ ಪದ ಬಳಕೆಯಲ್ಲಿದ್ದರೆ ತಿಳಿಸಿ, ಕರಪತ್ರ ಸೋಮವಾರ ಪ್ರೆಸ್ಸಿಗೆ ಹೋಗಬೇಕು.